ಕೃತ್ತಿಕೆ ಮಳೆಯಲ್ಲಿ ಕಳೆದುಹೋದ ಬೆಳಕು

“ಮತ್ತೆ ಹೋತು ಮಾಮ!” ಫೋನಿನಲ್ಲಿ ಅಕ್ಕನ ಮಗಳ ದನಿ ನಡುಗುತ್ತಿತ್ತು. ಬೆಳಿಗ್ಗೆ ಹತ್ತಕ್ಕೆ ಅವಳ ಸಂದರ್ಶನ. ಮನೆಯಿಂದಲೇ ಮಾಡುವ ನೌಕರಿ, ಹಾಗಾಗಿ ಮನೆಯ ಇಂಟರ್‌ನೆಟ್‌ಗೂ ಅಂದೇ ಪರೀಕ್ಷೆ. ವೈಫೈ ಬರುತ್ತದೆ, ಹೋಗುತ್ತದೆ. ಮೊಬೈಲ್ ಡೇಟಾ ಆ ಓಣಿಯಲ್ಲಿ ಒಂದು ಕಡ್ಡಿ ದಾಟುವುದಿಲ್ಲ. ದಾವಣಗೆರೆಯ ಎಂಸಿಸಿ ಬಿ ಬ್ಲಾಕಿನ ನನ್ನ ಮನೆಯಿಂದ ಲ್ಯಾಪ್‌ಟಾಪ್, ಉದ್ದದ ಲ್ಯಾನ್ ಕೇಬಲ್, ಟಾರ್ಚು ಬ್ಯಾಗಿಗೆ ತುರುಕಿಕೊಂಡು ಬೈಕ್ ಹತ್ತಿದೆ. ರಾತ್ರಿ ಹನ್ನೊಂದು ಮೀರಿತ್ತು.

ಹಳೇ ಪಿ.ಬಿ. ರಸ್ತೆಯಲ್ಲಿ ಹರಿಹರಕ್ಕೆ 14 ಕಿ.ಮೀ. ದೊಡ್ಡಬಾತಿ ಬರುವಷ್ಟರಲ್ಲಿ ಕೃತ್ತಿಕೆ ಮಳೆ ಹಿಡಿಯಿತು. ಗಾಳಿ ಬೈಕನ್ನೇ ಪಕ್ಕಕ್ಕೆ ನೂಕುತ್ತಿತ್ತು, ಎದುರಿನ ಲಾರಿಗಳ ದೀಪ ಬಿಟ್ಟರೆ ರಸ್ತೆಯೇ ಕಾಣದು. ನಿಲ್ಲಲಿಲ್ಲ. ನಿಂತರೆ ಬೆಳಗಾಗುತ್ತದೆ.

ಅಕ್ಕನ ಮನೆ ಹರಿಹರೇಶ್ವರ ಗುಡಿಯ ಹತ್ತಿರದ್ದು. ಹೊಯ್ಸಳರ ದಂಡನಾಯಕ ಪೊಲಾಳ್ವ ಆ ಗುಡಿ ಕಟ್ಟಿಸಿದ್ದು 1224ರ ಸುಮಾರಿಗೆ. ಮನೆ ಅಷ್ಟು ಹಳೆಯದಲ್ಲದಿದ್ದರೂ ಗೋಡೆಗಳು ಮೊಳ ದಪ್ಪ, ಕಲ್ಲು ಮಣ್ಣಿನವು. ಒದ್ದೆಯಾಗಿ ಒಳಗೆ ಕಾಲಿಟ್ಟ ಕೂಡಲೇ ಭಾವ ಅಂದರು, “ಡಬ್ಬೀನೇ ಕೆಟ್ಟೈತಿ, ಬೆಳಿಗ್ಗೆ ಹೊಸದು ತಂದುಬಿಡಾಣ.” ಎಲ್ಲರೂ ಮೊದಲು ಹೇಳುವುದು ಇದನ್ನೇ, ದುಡ್ಡು ದಂಡವಾಗುವುದೂ ಇಲ್ಲೇ. ಲ್ಯಾಪ್‌ಟಾಪಿನಿಂದ ರೂಟರ್‌ವರೆಗಿನ ದಾರಿ ಗಾಳಿಯದು. ರೂಟರ್‌ನಿಂದ ಆಚೆ ಕಂಬದ ಕಡೆಗಿನ ದಾರಿ ಗಾಜಿನದು. ಕಳ್ಳ ಗಾಳಿಯಲ್ಲಿದ್ದಾನೋ ಗಾಜಿನಲ್ಲಿದ್ದಾನೋ, ಅದು ಗೊತ್ತಾಗುವ ತನಕ ಯಾವುದಕ್ಕೂ ಕೈ ಹಚ್ಚಬಾರದು.

ಕಪ್ಪು ಪರದೆ ತೆರೆದು ರೂಟರ್‌ಗೇ ಪಿಂಗ್ ಬಿಟ್ಟೆ. 192.168.1.1. ಉತ್ತರ ಬರಲು 3 ಮಿಲಿಸೆಕೆಂಡು, 4, 3... ಇದ್ದಕ್ಕಿದ್ದಂತೆ 850! ಆಮೇಲೆ ಉತ್ತರವೇ ಇಲ್ಲ. ಅದೇ ಸೂರಿನಡಿಯ ಡಬ್ಬಿ ಕರೆದರೂ ಓಗೊಡುತ್ತಿಲ್ಲ! ಲ್ಯಾನ್ ಕೇಬಲ್ ಚುಚ್ಚಿದೆ. 1, 1, 1, ಅಲುಗಾಡಲಿಲ್ಲ. ಕಳ್ಳ ಗಾಳಿಯಲ್ಲೇ ಇದ್ದ.

ಡಬ್ಬಿ ಇದ್ದದ್ದು ಅಟ್ಟದ ಮೇಲೆ, ಮಕ್ಕಳ ಕೈಗೆ ಸಿಗದಿರಲೆಂದು ಅಜ್ಜಿಯ ಕಾಲದ ತಾಮ್ರದ ಹಂಡೆಗಳ ನಡುವೆ ಕೂರಿಸಿದ್ದರು. 2.4 ಗಿಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 12 ಸೆಂ.ಮೀ.; ಹಂಡೆಯಂಥ ಲೋಹ ಎದುರಾದರೆ ಬಡಿದು ಹಿಂದಿರುಗುತ್ತದೆ. ತಪ್ಪಿಸಿಕೊಂಡು ಬಂದ ಅಲೆಯನ್ನು ಆ ಗೋಡೆ ಹೀರುತ್ತದೆ. ಮತ್ತೆ ಏಣಿ ಹತ್ತುತ್ತಿದ್ದಂತೆ ಕರೆಂಟ್ ಹೋಯಿತು. ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಫೈಬರ್ ಮಡಚದಂತೆ ಸುರುಳಿ ಬಿಡಿಸುತ್ತ ಡಬ್ಬಿ ಇಳಿಸಿದೆ. ಇನ್ವರ್ಟರ್ ಸಾಕೆಟ್ಟಿಗೆ ಚುಚ್ಚಿ, ನಡುಮನೆಯ ಗೂಡಿನಲ್ಲಿ ಎದೆಯೆತ್ತರಕ್ಕೆ ಇಟ್ಟೆ.

ಕರೆಂಟ್ ಬಂತು, ಅಕ್ಕಪಕ್ಕದ ಮನೆಗಳ ವೈಫೈಗಳೂ ಒಟ್ಟಿಗೆ ಎದ್ದವು. ಫೋನಿನ ಆ್ಯಪ್‌ನಲ್ಲಿ ನೋಡಿದರೆ ಎಲ್ಲವೂ 6ನೇ ಚಾನೆಲ್ ಮೇಲೆ ಮುಗಿಬಿದ್ದಿವೆ. 2005ರಲ್ಲಿ ಸರ್ಕಾರ ಈ ತರಂಗಗಳನ್ನು ಲೈಸೆನ್ಸ್‌ನಿಂದ ಬಿಡುಗಡೆ ಮಾಡಿದ್ದರಿಂದಲೇ ನಮ್ಮಂಥವರ ಮನೆಗೆ ವೈಫೈ ಬಂದದ್ದು. ಈ ನೂಕುನುಗ್ಗಲೂ ಅದರ ಜೊತೆಗೇ ಬಂತು. 1, 6, 11, ಈ ಮೂರು ಚಾನೆಲ್‌ಗಳು ಮಾತ್ರ ಒಂದರ ಮೈಮೇಲೊಂದು ಬೀಳುವುದಿಲ್ಲ. ‘ಆಟೋ’ ತೆಗೆದು 11 ಹಿಡಿದೆ. ಪಿಂಗ್ ಮತ್ತೆ 3, 4, 3. “ಬಂತು ಮಾಮ, ವಿಡಿಯೊ ಓಡ್ತೈತಿ!” ಅಕ್ಕ ಚಹಾಕ್ಕಿಟ್ಟಳು.

ಚಹಾ ಕುದಿಯಲಿಲ್ಲ, ಗಾಳಿ ಭೋರೆಂದಿತು. ಡಬ್ಬಿಯ ಮೇಲೆ ಕೆಂಪು ದೀಪ! ಕಂಬದಿಂದ ಬೆಳಕೇ ಬರುತ್ತಿಲ್ಲ. ಮರುಕ್ಷಣ ಹಸಿರು, ಮತ್ತೆ ಕೆಂಪು. ಗಾಳಿಯ ಕಳ್ಳ ಸಿಕ್ಕಿದ, ಗಾಜಿನಲ್ಲಿ ಅವನ ಜೊತೆಗಾರ ಉಳಿದಿದ್ದ!

ಮಳೆಯಲ್ಲೇ ಹೊರಗೋಡಿದೆ. ಕಿಟಕಿಯಿಂದ ಹೊರಟ ಕರೀ ಎಳೆಯ ಮೇಲೆ ಟಾರ್ಚ್ ಬಿಡುತ್ತ ಸಾಗಿದರೆ, ಪಡಸಾಲೆಯ ತಗಡು ಗಾಳಿಗೆ ಎದ್ದು ಎದ್ದು ಅದರ ಮೇಲೆಯೇ ಬಡಿಯುತ್ತಿದೆ! ಕೋಲಿನಿಂದ ತಗಡು ಎತ್ತಿ ಹಿಡಿದೆ. ಒಳಗಿನಿಂದ ಕೂಗು: “ಹಸಿರು!” ಬಿಟ್ಟೆ. “ಕೆಂಪು!” ಒತ್ತಿದಾಗ ಬಾಗಿದ ಗಾಜು ಬೆಳಕನ್ನು ಹೊರಚೆಲ್ಲುತ್ತಿತ್ತು. ಮತ್ತೊಂದು ಸುಂಟರಗಾಳಿ, ತಗಡು ಕೋಲನ್ನೇ ಕಿತ್ತುಕೊಂಡು ಅಪ್ಪಳಿಸಿತು. ಆಮೇಲೆ ಎತ್ತಿ ಹಿಡಿದರೂ ಕೆಂಪೇ.

ಆ ಹೊತ್ತಿನಲ್ಲೇ ದೂರು ಬರೆಸಿದೆವು. ಫೈಬರ್ ಹುಡುಗ ಬಂದಾಗ ಒಂಬತ್ತು ದಾಟಿತ್ತು. ಊರ ತುಂಬ ಲೈನ್ ಬಿದ್ದಿದ್ದವು, ರಾತ್ರಿಯಿಡೀ ಅವನು ನಿದ್ದೆ ಮಾಡಿರಲಿಲ್ಲ. ನೆಟ್ ಹೋದಾಗ ನಾವು ಬೈಯುವುದು ಇಂಥ ಹುಡುಗರನ್ನೇ ಎಂಬುದು ನನಗೆ ನೋವಿನ ವಿಷಯ. ಗಾಯವಾದ ಕಡೆ ಕತ್ತರಿಸಿ, ಸಿಪ್ಪೆ ಸುಲಿದು, ಸ್ಪಿರಿಟ್‌ನಲ್ಲಿ ಒರೆಸಿದ. ಉಳಿದದ್ದು ಕೂದಲಿನಷ್ಟು ಗಾಜು. ದಪ್ಪ 125 ಮೈಕ್ರಾನ್, ಅದರ ನಡುವೆ ಬೆಳಕು ಓಡುವ ದಾರಿ ಬರೀ 9 ಮೈಕ್ರಾನ್. ಬಗ್ಗಿ ನೋಡಹೋದ ಭಾವನನ್ನು ಗದರಿಸಿದ, “ಕಣ್ಣಿಗೆ ಹಿಡೀಬ್ಯಾಡ್ರಿ! ಬೆಳಕು ಕಾಣಂಗಿಲ್ಲ, ಕಣ್ಣು ಮಾತ್ರ ಹೋಗ್ತೈತಿ.”

ಎರಡು ತುದಿಗಳು ಮಷಿನ್ನಿನ ಪುಟ್ಟ ಪರದೆಯ ಮೇಲೆ ಎದುರುಬದುರಾದವು. 9.40. ಕಿಡಿ ಹಾರಿತು. ಪರದೆ ಕೆಂಪು: ಜೋಡಣೆ ಕೂಡಲಿಲ್ಲ! ಒದ್ದೆ ಕೈ, ಒದ್ದೆ ಗಾಳಿ. ಅವನು ಉಸಿರೆತ್ತದೆ ಮತ್ತೆ ಸುಲಿದ, ಮತ್ತೆ ಒರೆಸಿದ, ಮತ್ತೆ ಕೊಯ್ದ. ಅವನ ತಲೆಯ ಮೇಲೆ ಕೊಡೆ ಹಿಡಿದ ಅಕ್ಕನ ಕೈ ನಡುಗುತ್ತಿತ್ತು. 9.48. ಇನ್ನೊಂದು ಕಿಡಿ. ಎರಡು ಗಾಜು ಕರಗಿ ಒಂದಾದವು. ಮೀಟರ್ ಹಚ್ಚಿದ: ಮೈನಸ್ 19 ಡಿಬಿಎಂ. ಮೈನಸ್ 27ರ ಕೆಳಗಿಳಿದರೆ ಇಂಥ ಡಬ್ಬಿಗಳು ಕುರುಡಾಗುತ್ತವೆ. ಮೂರು ಡಿಬಿ ಕಳೆದರೆ ಬೆಳಕು ಅರ್ಧಕ್ಕರ್ಧ ಹೋದಂತೆ. “ಪವರ್ ಚಲೋ ಬರ್ತೈತಿ, ಹಚ್ಚ್ರಿ!”

ಹಸಿರು.

9.56ಕ್ಕೆ ಅವಳು ಲ್ಯಾಪ್‌ಟಾಪ್ ಮುಂದೆ ಕೂತಳು. ವೈಫೈ ಸರಿಯಾಗಿದ್ದರೂ ಆ ಒಂದು ಗಂಟೆಗೆ ಲ್ಯಾನ್ ಕೇಬಲ್ಲೇ ಇರಲಿ ಎಂದು ಚುಚ್ಚಿಕೊಟ್ಟೆ. ಹತ್ತಕ್ಕೆ ಸರಿಯಾಗಿ ಮುಖಗಳು ಮೂಡಿದವು. ಸ್ಕ್ರೀನ್ ಶೇರ್ ಮಾಡಿ ಅಂದರು, ಮಾಡಿದಳು. ಎಲ್ಲೂ ಕಡಿಯಲಿಲ್ಲ. ಹೊರಗೆ ನಾನೂ ಭಾವನೂ ತಗಡನ್ನು ತಂತಿ ಬಿಗಿದು ಕಟ್ಟಿದೆವು. ಹುಡುಗ ಫೈಬರನ್ನು ತಗಡಿನಿಂದ ದೂರ ಸರಿಸಿ ಗೋಡೆಗೆ ಕ್ಲಾಂಪ್ ಹೊಡೆದ. ನೀರು ಹರಿದು ಒಳಬಾರದಂತೆ ಕಿಟಕಿಯ ಕೆಳಗೆ ಸ್ವಲ್ಪ ಜೋಲುಬಿಟ್ಟು, ಅಕ್ಕ ಕೊಟ್ಟ ಚಹಾವನ್ನು ನಿಂತಲ್ಲೇ ಕುಡಿದು, ಮುಂದಿನ ದೂರಿಗೆ ಹೊರಟ.