ನಮ್ಮ ವಾಹನದ ಚೀಲಗಳು

ಎಳವೆಯಲ್ಲಿ ಪೋಲಿಯೋ ಬಂದು ನಮ್ಮ ಬಲಗಾಲು ಸೊರಗಿದುದರಿಂದ, ಸ್ಕೂಟರಿನ ಹಿಂಗಾಲಿಯ ಎರಡು ಪಕ್ಕಗಳಿಗೂ ಒಂದೊಂದು ಗಾಲಿಯನ್ನು ಜೋಡಿಸಿಕೊಂಡಿರುವೆವು. ಅದರ ಮೇಲೆ ಮೈಸೂರನ್ನೆಲ್ಲ ಸುತ್ತುವೆವು. ಆದರೆ ಊರುಗೋಲುಗಳಿಗೆ ಅದರಲ್ಲಿ ಎಡೆಯಿರಲಿಲ್ಲ. ಎಲ್ಲಿ ಇಳಿಯಬೇಕಾದರೂ ಮತ್ತೊಬ್ಬರ ತೋಳಿಗಾಗಿ ಕಾಯಬೇಕಾಗಿದ್ದಿತು. ಆ ಸಂಕಟವನ್ನು ವಾಚಕರೇ ಊಹಿಸಿಕೊಳ್ಳಲಿ.

ಹೋದ ವರ್ಷ ಊರುಗೋಲುಗಳಿಗೊಂದು ಉದ್ದ ಚೀಲ, ಸಾಮಾನಿಗೆ ಎರಡು ಚೀಲ, ಹಿಂದುಗಡೆಗೊಂದು ಕಬ್ಬಿಣದ ಬಂಪರು, ಇಷ್ಟನ್ನೂ ಹಾಕಿಸಿದೆವು. ಚೀಲ ಕಂಡರೆ ಬರಿದಾಗಿ ಬಿಡುವರೇ? ಬೆಟ್ಟದ ಮೇಲಿನ ನಂಟರಿಗೆಂದು ನಮ್ಮ ಮನೆಯವರು ಇಪ್ಪತ್ತು ಕಿಲೋ ಅಕ್ಕಿಯನ್ನು ತುಂಬಿಸಿದರು. ಚಾಮುಂಡಿಬೆಟ್ಟದ ಏರಿನಲ್ಲಿ ಮುಂಗಾಲಿ ಹಗುರವಾಗಿ, ಹ್ಯಾಂಡಲನ್ನು ತಿರುಗಿಸಿದರೂ ವಾಹನವು ತಿರುಗದೆ ನೇರವಾಗಿ ಮೋರಿಯತ್ತ ಹೊರಟಿತು! ಹೇಗೋ ಬ್ರೇಕು ಹಿಡಿದು ನಿಲ್ಲಿಸಿದೆವು. ಹಿಂದಿನ ಅಚ್ಚಿನಾಚೆ ಹೊರೆಯಿಟ್ಟರೆ ಮುಂಭಾಗವು ತಕ್ಕಡಿಯ ತಟ್ಟೆಯಂತೆ ಮೇಲೇಳುವುದೆಂದು ಅಂದು ತಿಳಿಯಿತು.

ಮರುದಿನವೇ ಚೀಲಗಳನ್ನು ಅಚ್ಚಿಗಿಂತ ಮುಂದಕ್ಕೆ, ಸೀಟಿನ ಮಗ್ಗುಲಿಗೆ ತಂದೆವು. ಬಂಪರನ್ನೂ ಮಡ್ಗಾರ್ಡಿನಿಂದ ಬಿಚ್ಚಿಸಿ ಚೌಕಟ್ಟಿಗೇ ಬಿಗಿಸಿದೆವು. ತೆಳುತಗಡು ಪೆಟ್ಟನ್ನು ತಾಳದು. ಹೊರಚಾಚಿದ ಪಕ್ಕದ ಗಾಲಿಗಳನ್ನು ಹಿಂದೆ ಬರುವವರು ಗಮನಿಸುವುದಿಲ್ಲವಾದುದರಿಂದ, ಅದರ ಎರಡು ತುದಿಗಳಿಗೂ ಕೆಂಪು ಪ್ರತಿಫಲಕಗಳನ್ನು ಅಂಟಿಸಿರುವೆವು.

ಮೊನ್ನೆ ದೇವರಾಜ ಮಾರುಕಟ್ಟೆಯ ಮುಂದೆ ನಿಂತಾಗ, ಹೂವಿನಂಗಡಿಯ ಹುಡುಗನು ಎಂದಿನಂತೆ ತೋಳುಕೊಡಲು ಓಡಿಬಂದನು. "ಇಂದು ಬೇಡಪ್ಪ" ಎಂದು ಊರುಗೋಲುಗಳನ್ನು ಚೀಲದಿಂದ ಸೆಳೆದುಕೊಂಡು ನಾವೇ ಇಳಿದೆವು.