ಹಾಡಿನ ಜೊತೆಗೆ ಬರುತ್ತಿದ್ದ ಹೆಸರು

ಭಾವಗೀತೆಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ ಅಂದಾಗ ಬಹಳ ಮಂದಿ ಕೇಳುವುದು ಒಂದೇ ಪ್ರಶ್ನೆ: "ಎಲ್ಲಾ ಯೂಟ್ಯೂಬ್‌ನಲ್ಲೇ ಇದೆಯಲ್ಲ, ಇನ್ನೇನು ಹುಡುಕ್ತೀರಿ?" ನಿಜ, ಹಾಡು ಇದೆ. ನಾನು ಹುಡುಕುವುದು ಹಾಡಿನ ಜೊತೆಗಿದ್ದ ಹೆಸರುಗಳನ್ನು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಸಂಬಳ ಬಂದ ವಾರ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಒಂದು ಕ್ಯಾಸೆಟ್ ತರುತ್ತಿದ್ದರು. ತಿಂಗಳಿಗೆ ಒಂದೇ. ಹಾಗಾಗಿ ಆರಿಸುವುದಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. "ಸಾರ್, ಅಶ್ವಥ್ ಅವರದ್ದು ಹೊಸದು ಬಂದಿದೆ" ಎಂದು ಅಂಗಡಿಯವರು ಗಾಜಿನ ಮೇಲೆ ಇಡುತ್ತಿದ್ದರು. ಅಪ್ಪ ಮೊದಲು ನೋಡುತ್ತಿದ್ದುದು ಡಬ್ಬಿಯೊಳಗೆ ಮಡಚಿಟ್ಟ ಕಾಗದವನ್ನು. ಹಾಡು, ಅದರ ಎದುರಿಗೆ ಕವಿ, ಕೆಳಗೆ ರಾಗ ಸಂಯೋಜನೆ. ನರಸಿಂಹಸ್ವಾಮಿ, ಶಿವರುದ್ರಪ್ಪ ಮುಂತಾದ ಹೆಸರುಗಳನ್ನು ನಾನು ಮೊದಲು ಓದಿದ್ದು ಪಠ್ಯಪುಸ್ತಕದಲ್ಲಲ್ಲ, ಆ ಕಾಗದದಲ್ಲಿ.

ಭಾವಗೀತೆಗೆ ಇದು ಸಣ್ಣ ವಿಷಯವಲ್ಲ. ಅದು ಹಾಡಾಗುವ ಮೊದಲು ಕವಿತೆ. 1978ರಲ್ಲಿ ಬಂದ, ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದೇ ಹೆಸರಾದ 'ನಿತ್ಯೋತ್ಸವ'ವನ್ನು ಮೈಸೂರು ಅನಂತಸ್ವಾಮಿಯವರಷ್ಟೇ ನಿಸಾರ್ ಅಹಮದರದ್ದೂ ಎಂದು ಜನ ತಿಳಿದಿದ್ದರು.

ಈಚೆಗೆ ಒಂದು ಹಾಡಿನ ಕವಿ ಯಾರೆಂದು ನೋಡಬೇಕಾಯಿತು. ಅಂತರಜಾಲದಲ್ಲಿ ಅದೇ ಹಾಡು ಮೂರು ಕಡೆ ಸಿಕ್ಕಿತು. ಎರಡರಲ್ಲಿ ಗಾಯಕರ ಹೆಸರು ಮತ್ತು ಒಂದು ಜಲಪಾತದ ಚಿತ್ರ. ಮೂರನೆಯದರಲ್ಲಿ ಬೇರೆ ಯಾರೋ ಕವಿ. ಕೊನೆಗೆ ಅಟ್ಟದಿಂದ ಅಪ್ಪನ ರಟ್ಟಿನ ಪೆಟ್ಟಿಗೆ ಇಳಿಸಿದೆ. ಟೇಪಿಗೆ ಬೂಷ್ಟು ಹಿಡಿದಿತ್ತು, ಓಡಲಿಲ್ಲ. ಕಾಗದ ಮಾತ್ರ ಹಾಗೇ ಇತ್ತು. ಹಾಡು ಅಂತರಜಾಲದಲ್ಲಿ, ಹೆಸರು ಅಟ್ಟದ ಮೇಲೆ!

ಹಾಗೆಂದು ಅಂಗಡಿಯ ಕಾಲವೇ ಚೆನ್ನಾಗಿತ್ತು ಎನ್ನಲಾರೆ. ಗಾಂಧಿ ಬಜಾರಿನ ಯಾವ ಅಂಗಡಿಯೂ ನನಗೆ ಗೌಹರ್ ಜಾನ್ ಅವರನ್ನು ಕೇಳಿಸುತ್ತಿರಲಿಲ್ಲ. ಮೈಸೂರು ಆಸ್ಥಾನದ ಗಾಯಕಿಯಾಗಿ 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಅವರ ದನಿಯನ್ನು ನಾನು ಕೇಳಿದ್ದು ಹಾಸ್ಟೆಲ್ಲಿನ ಕೋಣೆಯಲ್ಲಿ, ಮೊಬೈಲಿನಲ್ಲಿ, ಕಾಸು ಕೊಡದೆ. 1902ರಲ್ಲಿ ಕಲ್ಕತ್ತೆಯಲ್ಲಿ ಅವರ ಹಾಡುಗಳ ಧ್ವನಿಮುದ್ರಣ ಶುರುವಾಯಿತು. ಹಾಡು ಮುಗಿಯುತ್ತಿದ್ದಂತೆ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಜೋರಾಗಿ ಹೇಳುತ್ತಾರೆ. ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಭಾಷೆ ಬಾರದ ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆ ಯಾರದ್ದೆಂದು ತಿಳಿಯಬೇಕಿತ್ತಲ್ಲ. ಲೇಬಲ್ ಹೋದರೂ ಆ ಹೆಸರು ಹೋಗುವಂತಿಲ್ಲ.

ನಮ್ಮ ಕವಿಗಳು ಹಾಡಿನ ಕೊನೆಗೆ ಬಂದು ಹೆಸರು ಹೇಳುವುದಿಲ್ಲ. ಅದಕ್ಕೇ ಈಗ ಗೆಳೆಯರಿಗೆ ಯಾವ ಹಾಡಿನ ಲಿಂಕ್ ಕಳಿಸಿದರೂ, ಕೆಳಗೆ ಕವಿಯ ಹೆಸರನ್ನೂ ರಾಗ ಸಂಯೋಜಿಸಿದವರ ಹೆಸರನ್ನೂ ಟೈಪ್ ಮಾಡುತ್ತೇನೆ. "ಇದೆಲ್ಲಾ ಯಾಕೆ, ಹಾಡು ಸಾಕಲ್ವಾ?" ಅನ್ನುತ್ತಾರೆ. ಕೆಲವರು ಮಾತ್ರ ವಾರ ಕಳೆದ ಮೇಲೆ ಕೇಳುತ್ತಾರೆ: "ಆ ಕವಿಯ ಪುಸ್ತಕ ಎಲ್ಲಿ ಸಿಗುತ್ತೆ?"