ಮೊಂತಾಲಿವೆ: ಮರಳಿನ ಮೇಲೆ ಕಟ್ಟಿದ ಬಿಸಿಲೂರು

ಫ್ರಾನ್ಸಿನ ನೈರುತ್ಯ ಭಾಗದಲ್ಲಿರುವ ಬೋರ್ಡೋ ನಗರ ದ್ರಾಕ್ಷಾರಸಕ್ಕೆ ಜಗತ್ಪ್ರಸಿದ್ಧ. ಅಲ್ಲಿಂದ ಉತ್ತರಕ್ಕೆ, ಸ್ವಲ್ಪ ಪಶ್ಚಿಮಕ್ಕೆ ವಾಲಿಕೊಂಡು ಸುಮಾರು 80 ಕಿ.ಮೀ. ಸಾಗಿದರೆ ಮೇದೊಕ್ ಎಂಬ ಸೀಮೆಯ ಕಡಲಂಚು ಸಿಗುತ್ತದೆ. ದಾರಿಯಲ್ಲಿ ಮೊದಲು ದ್ರಾಕ್ಷಿ ತೋಟಗಳು, ಆಮೇಲೆ ಮೈಲಿಗಟ್ಟಲೆ ಪೈನ್ ಮರಗಳ ಕಾಡು, ಕೊನೆಗೆ ಮರಳಿನ ದಿಬ್ಬಗಳು. ದಿಬ್ಬ ಹತ್ತಿ ನಿಂತರೆ ಕಣ್ಣು ಹಾಯುವಷ್ಟು ದೂರ ಅಟ್ಲಾಂಟಿಕ್ ಸಾಗರ. ಈ ಊರಿನ ಹೆಸರು ಮೊಂತಾಲಿವೆ.

ಜೂನ್ ತಿಂಗಳ ಕೊನೆಯಲ್ಲಿ ಇಲ್ಲಿ ಹಗಲು ಹದಿನೈದೂವರೆ ಗಂಟೆ ಇರುತ್ತದೆ. ಅದೇ ದಿನ ಬೆಂಗಳೂರಿನಲ್ಲಿ ಹದಿಮೂರು ಗಂಟೆಗೂ ಸ್ವಲ್ಪ ಕಡಿಮೆ. ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಕ್ಕೆ ತಿರುಗಿಸಿಕೊಳ್ಳುವ ಪದ್ಧತಿಯೂ ಇರುವುದರಿಂದ ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಚಳಿಗಾಲವಿಡೀ ಮಂಕು ಬೆಳಕಿನಲ್ಲಿ ಕಳೆದ ಉತ್ತರ ಯೂರೋಪಿನವರಿಗೆ ಈ ಬಿಸಿಲು ಎಷ್ಟು ಅಮೂಲ್ಯ ಎಂಬುದು ವರ್ಷವಿಡೀ ಬಿಸಿಲುಣ್ಣುವವರಿಗೆ ಸುಲಭವಾಗಿ ಅರ್ಥವಾಗಲಿಕ್ಕಿಲ್ಲ.

ಊರಿನ ದಕ್ಷಿಣಕ್ಕೆ ಬೇಲಿಯಿಂದ ಸುತ್ತುವರಿದ ಒಂದು ದೊಡ್ಡ ಶಿಬಿರತಾಣವಿದೆ. ಹೆಸರು ‘ಸಾಂತ್ರ್ ಹೇಲಿಯೋ ಮರಾಂ’, ಅಂದರೆ ಸೂರ್ಯ ಮತ್ತು ಸಮುದ್ರದ ಕೇಂದ್ರ. ಬೇಲಿಯೊಳಗಿನ ಜನ ಅಂಗಡಿಗೆ ಹೋಗುತ್ತಾರೆ, ಚೆಂಡಾಡುತ್ತಾರೆ, ಮರದ ನೆರಳಿನಲ್ಲಿ ಪುಸ್ತಕ ಓದುತ್ತಾರೆ, ಅಡುಗೆ ಮಾಡುತ್ತಾರೆ. ಹೊರಗಿನ ಊರಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ. ಬಿಸಿಲು ಚೆನ್ನಾಗಿರುವ ದಿನಗಳಲ್ಲಿ ಇಲ್ಲಿನವರು ಬಟ್ಟೆ ತೊಡುವುದಿಲ್ಲ. ಈ ಜೀವನಕ್ರಮವನ್ನು ಪಾಶ್ಚಾತ್ಯರು ನ್ಯಾಚುರಿಸಂ ಎನ್ನುತ್ತಾರೆ. 1950ರಲ್ಲಿ ಆರಂಭವಾದ ಈ ತಾಣವನ್ನು ಇಂಥ ಮೊದಲ ರಜಾ ಕೇಂದ್ರವೆಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ.

ಓದುಗರು ಹುಬ್ಬೇರಿಸುವುದು ಸಹಜ. ಆದರೆ ಮೊಂತಾಲಿವೆಯ ಕಥೆಯಲ್ಲಿ ಕುತೂಹಲದ ಸಂಗತಿ ಬಟ್ಟೆಯಲ್ಲ. ಯಾರೂ ಬೇಡವೆಂದ ಮರಳು ನೆಲದಲ್ಲಿ, ಸಮಾಜ ಅನುಮಾನದಿಂದ ನೋಡುತ್ತಿದ್ದ ಒಂದು ಪ್ರಯೋಗವನ್ನು ಕೆಲವರು ಹೇಗೆ ನಿಲ್ಲಿಸಿದರು ಎಂಬುದು.

ಆಸ್ಪತ್ರೆಯಿಂದ ಬಂದ ಹೆಸರು

‘ಹೇಲಿಯೋ ಮರಾಂ’ ಎಂಬ ಮಾತು ಮೊದಲು ಬಳಕೆಯಲ್ಲಿದ್ದುದು ಆಸ್ಪತ್ರೆಗಳಲ್ಲಿ. ಕ್ಷಯರೋಗಕ್ಕೆ ಔಷಧವಿಲ್ಲದ ಕಾಲವದು. ಮೂಳೆಯ ಕ್ಷಯದಿಂದ ನರಳುವ ಮಕ್ಕಳನ್ನು ಉತ್ತರ ಫ್ರಾನ್ಸಿನ ಬೆರ್ಕ್ ಮುಂತಾದ ಕಡಲೂರುಗಳಿಗೆ ಕರೆತಂದು ಗಾಳಿ ಬಿಸಿಲಿನಲ್ಲಿ ಮಲಗಿಸುತ್ತಿದ್ದರು. ಸ್ವಿಟ್ಜರ್ಲೆಂಡಿನ ಲೇಸಿನ್ ಎಂಬ ಬೆಟ್ಟದೂರಿನಲ್ಲಿ ಡಾ. ಆಗಸ್ಟ್ ರೋಲಿಯೆ 1903ರಲ್ಲಿ ಸೂರ್ಯಸ್ನಾನದ ಚಿಕಿತ್ಸೆ ಆರಂಭಿಸಿದರು. ಮೊದಲ ದಿನ ಪಾದಗಳಿಗೆ ಮಾತ್ರ ಕೆಲವು ನಿಮಿಷ ಬಿಸಿಲು, ಅನಂತರ ದಿನದಿನಕ್ಕೆ ಮೇಲಕ್ಕೆ, ಹೀಗೆ ಅಳೆದು ಕೊಡುವ ಕ್ರಮ ಅವರದು. ಅದೇ ವರ್ಷ ಚರ್ಮದ ಕ್ಷಯಕ್ಕೆ ಬೆಳಕಿನಿಂದ ಚಿಕಿತ್ಸೆ ನೀಡಿದ ನೀಲ್ಸ್ ಫಿನ್ಸೆನ್‌ರಿಗೆ ವೈದ್ಯಕೀಯದ ನೊಬೆಲ್ ಬಹುಮಾನ ಬಂತು. ಬಿಸಿಲು ಮೈಗೆ ಒಳ್ಳೆಯದು ಎಂಬ ನಂಬಿಕೆಗೆ ವಿಜ್ಞಾನದ ಮೊಹರು ಬಿದ್ದಂತಾಯಿತು.

ಇದರ ಬೆನ್ನಿಗೇ ಜರ್ಮನಿಯಲ್ಲೂ ಫ್ರಾನ್ಸಿನಲ್ಲೂ ಬಯಲು ಗಾಳಿಯ ಸಂಘಗಳು ಹುಟ್ಟಿಕೊಂಡವು. ವೈದ್ಯರಾಗಿದ್ದ ದ್ಯುರ್ವಿಲ್ ಸಹೋದರರು 1931ರಲ್ಲಿ ಮೆಡಿಟರೇನಿಯನ್ ಸಮುದ್ರದ ಲೆವಾಂ ದ್ವೀಪದಲ್ಲಿ ‘ಹೇಲಿಯೋಪೊಲಿಸ್’ ಎಂಬ ಹಳ್ಳಿಯನ್ನು ಸ್ಥಾಪಿಸಿದರು. ಆದರೆ ದ್ವೀಪದಲ್ಲಿ ಮನೆ ಕಟ್ಟಿಕೊಳ್ಳುವುದು ಎಲ್ಲರ ಕೈಗೆಟಕುವ ಮಾತಾಗಿರಲಿಲ್ಲ. ಕಾರ್ಖಾನೆಯ ಕೆಲಸಗಾರ, ಶಾಲೆಯ ಮೇಷ್ಟ್ರು, ಅಂಚೆ ಕಚೇರಿಯ ಗುಮಾಸ್ತ, ಇವರಿಗೆ ಜಾಗ ಎಲ್ಲಿ?

1936ರಲ್ಲಿ ಫ್ರೆಂಚ್ ಸರ್ಕಾರ ಎಲ್ಲ ಕೆಲಸಗಾರರಿಗೂ ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ ಕೊಡುವ ಕಾನೂನು ತಂದಿತು. ಮೊದಲ ಬಾರಿಗೆ ಬಡ ಕುಟುಂಬಗಳು ಕಡಲು ನೋಡಲು ಹೊರಟವು. ಅಷ್ಟರಲ್ಲಿ ಯುದ್ಧ ಬಂತು. ಮೇದೊಕ್ ಕರಾವಳಿಯುದ್ದಕ್ಕೂ ಜರ್ಮನ್ ಸೈನ್ಯ ಕಾಂಕ್ರೀಟ್ ಕೋಟೆಗಳನ್ನು ಕಟ್ಟಿತು. ಪ್ಯಾರಿಸ್ 1944ರ ಆಗಸ್ಟಿನಲ್ಲೇ ಬಿಡುಗಡೆಯಾದರೂ ಮೇದೊಕ್‌ನ ತುದಿ ಬಿಡುಗಡೆ ಕಂಡದ್ದು 1945ರ ಏಪ್ರಿಲ್‌ನಲ್ಲಿ.

ಒಬ್ಬ ದಂಪತಿಯ ಹಟ

ಉತ್ತರ ಫ್ರಾನ್ಸಿನ ಕಲ್ಲಿದ್ದಲ ಗಣಿಗಳ ಸೀಮೆಯಿಂದ ಬಂದ ಆಲ್ಬೇರ್ ಲೆಕಾಕ್ ಮತ್ತು ಅವರ ಪತ್ನಿ ಕ್ರಿಸ್ಟಿಯಾನ್ ಈ ಕೆಲಸಕ್ಕೆ ಕೈಹಾಕಿದರು. ಚದುರಿಹೋಗಿದ್ದ ‘ಸೂರ್ಯ ಸಂಘ’ಗಳನ್ನು ಒಗ್ಗೂಡಿಸಿ, ಒಂದು ಪತ್ರಿಕೆ ನಡೆಸಿ, 1950ರಲ್ಲಿ ಫ್ರೆಂಚ್ ನ್ಯಾಚುರಿಸ್ಟ್ ಒಕ್ಕೂಟವನ್ನು ಕಟ್ಟಿದರು. ಅದೇ ಬೇಸಿಗೆಯಲ್ಲಿ ಮೊಂತಾಲಿವೆಯ ಶಿಬಿರ ತೆರೆಯಿತು. ಜಾಗ ಅವರದಲ್ಲ, ಸ್ಥಳೀಯ ಗ್ರಾಮ ಸಂಸ್ಥೆಯದು. ಗುತ್ತಿಗೆಗೆ ಸಿಕ್ಕ ನೆಲ.

ಆರಂಭದಲ್ಲಿ ಅಲ್ಲಿದ್ದದ್ದು ಡೇರೆಗಳು. ಮರದ ಸಣ್ಣ ಮನೆಗಳು ಬಂದದ್ದು ನಂತರ. ಹೊಸ ಶಿಬಿರವೊಂದು ತೆರೆದಾಗ ಬಾಗಿಲಿಗೆ ಬರುವವರು ಎರಡು ಬಗೆ. ಎಲ್ಲವೂ ಸಿದ್ಧವಾಗಿರಬೇಕೆಂದು ಬಯಸುವವರು ಒಂದು ಬಗೆ. ಕೊರತೆಗಳನ್ನು ಕಂಡೂ ಮರುವರ್ಷ ಮತ್ತೆ ಬರುವವರು ಇನ್ನೊಂದು ಬಗೆ. ಮೊಂತಾಲಿವೆ ಉಳಿದುಕೊಂಡದ್ದು ಎರಡನೆಯ ಬಗೆಯವರಿಂದ. ರಜೆಗೆ ಬಂದವರು ಗಿರಾಕಿಗಳಲ್ಲ, ಸಂಘದ ಸದಸ್ಯರು ಎಂಬುದು ಲೆಕಾಕ್ ದಂಪತಿಯ ನಿಲುವು. ಮುಂದೆ ಇಂಥ ಕೇಂದ್ರಗಳಿಗೆ ಬಂಡವಾಳ ಒದಗಿಸಲೆಂದೇ ‘ಸೋಕ್ನಾ’ ಎಂಬ ಕಂಪನಿ ಹುಟ್ಟಿತು.

ಹಣಕ್ಕಿಂತ ಕಷ್ಟದ್ದು ಗೌರವ. ಫ್ರಾನ್ಸಿನ 1810ರ ದಂಡಸಂಹಿತೆಯಲ್ಲಿ ಸಾರ್ವಜನಿಕ ಸಭ್ಯತೆಗೆ ಧಕ್ಕೆ ತರುವುದು ಶಿಕ್ಷಾರ್ಹ ಅಪರಾಧವಾಗಿತ್ತು. 1994ರಲ್ಲಿ ಹೊಸ ಸಂಹಿತೆ ಜಾರಿಗೆ ಬರುವವರೆಗೂ ಆ ಕತ್ತಿ ತಲೆಯ ಮೇಲೆ ತೂಗುತ್ತಿತ್ತು. ಆದ್ದರಿಂದ ಬೇಲಿ ಅಗತ್ಯವಾಯಿತು, ಸದಸ್ಯತ್ವದ ಚೀಟಿ ಅಗತ್ಯವಾಯಿತು. ಇಂಥ ತಾಣಗಳಲ್ಲಿ ಒಪ್ಪಿಗೆಯಿಲ್ಲದೆ ಯಾರ ಚಿತ್ರವನ್ನೂ ತೆಗೆಯಬಾರದು. ಅಸಭ್ಯವಾಗಿ ನಡೆದುಕೊಂಡವರಿಗೆ ಗೇಟಿನ ದಾರಿ. ಸಡಿಲವಾಗಿ ಕಾಣುವ ಜಾಗದಲ್ಲಿ ಕಟ್ಟಳೆಗಳು ಹೆಚ್ಚು ಬಿಗಿಯಾಗಿರುತ್ತವೆ ಎಂಬುದು ಹೊರಗಿನವರಿಗೆ ತಕ್ಷಣ ಹೊಳೆಯುವುದಿಲ್ಲ. ಕುಟುಂಬಗಳು ನಿರ್ಭಯವಾಗಿ ಬರಬೇಕಾದರೆ ಮೊದಲ ದಿನದಿಂದಲೇ ಈ ಕಟ್ಟಳೆ ಬೇಕು.

ಮರಳು, ಮರ ಮತ್ತು ಬೆಂಕಿ

ಇನ್ನು ನೆಲದ ಮಾತು. ಮೊಂತಾಲಿವೆಯ ಕಾಡು ತಾನಾಗಿ ಬೆಳೆದದ್ದಲ್ಲ. ಹದಿನೆಂಟನೆಯ ಶತಮಾನದಲ್ಲಿ ಈ ಕರಾವಳಿಯ ಮರಳುದಿಬ್ಬಗಳು ಗಾಳಿಗೆ ಸರಿಯುತ್ತ ಹೊಲ, ಹಳ್ಳಿಗಳನ್ನು ಮುಚ್ಚುತ್ತಿದ್ದವು. ನಿಕೊಲಾ ಬ್ರೆಮೊಂತಿಯೆ ಎಂಬ ಎಂಜಿನಿಯರ್ ಮರಳನ್ನು ಗಿಡಗಳಿಂದ ಕಟ್ಟಿಹಾಕುವ ಕೆಲಸಕ್ಕೆ ಮುಂದಾದರು. ಕಡಲಿನ ಬದಿಗೆ ಆಳವಾಗಿ ಬೇರುಬಿಡುವ ಒಂದು ಜಾತಿಯ ಹುಲ್ಲು, ಅದರ ಹಿಂದೆ ಕಡಲ ಪೈನ್. ಹುಲ್ಲು ಗಾಳಿಯ ವೇಗ ತಗ್ಗಿಸುತ್ತದೆ; ವೇಗ ತಗ್ಗಿದ ಗಾಳಿ ಹೊತ್ತ ಮರಳನ್ನು ಅಲ್ಲೇ ಕೆಡವುತ್ತದೆ. 1857ರ ಒಂದು ಕಾನೂನು ಇದಕ್ಕೆ ಹೊಂದಿಕೊಂಡಂತೆ ಲಾಂದ್ ಪ್ರದೇಶದ ಜೌಗು ನೆಲದ ನೀರನ್ನು ಬಸಿದು ಮರ ನೆಡುವುದನ್ನು ಕಡ್ಡಾಯಗೊಳಿಸಿತು. ಹೀಗೆ ಮನುಷ್ಯ ನೆಟ್ಟ ಮಹಾರಣ್ಯವೊಂದು ಎದ್ದು ನಿಂತಿತು. ಪೈನ್ ಕಾಂಡಕ್ಕೆ ಗಾಯ ಮಾಡಿ, ಸೋರುವ ಅಂಟನ್ನು ಮಣ್ಣಿನ ಕುಡಿಕೆಗಳಲ್ಲಿ ಹಿಡಿದು ಮಾರುವುದು ಇಲ್ಲಿನವರ ಕಸುಬಾಯಿತು.

ಆ ಅಂಟೇ ಅಪಾಯವೂ ಹೌದು, ಕಿಡಿ ತಾಗಿದರೆ ಭಗ್ಗನೆ ಉರಿಯುತ್ತದೆ. ಶಿಬಿರ ತೆರೆಯುವ ಹಿಂದಿನ ವರ್ಷ, 1949ರ ಆಗಸ್ಟಿನಲ್ಲಿ, ಬೋರ್ಡೋ ನಗರದ ದಕ್ಷಿಣಕ್ಕೆ ಕಾಡಿಗೆ ಬಿದ್ದ ಬೆಂಕಿ 82 ಜನರನ್ನು ಬಲಿ ತೆಗೆದುಕೊಂಡಿತು. ಅಂಥ ಕಾಡಿನಲ್ಲಿ ಡೇರೆ ಹೊಡೆದು ಒಲೆ ಹಚ್ಚುವ ಶಿಬಿರವನ್ನು ಮರುವರ್ಷವೇ ತೆರೆಯುವುದೆಂದರೆ ಎಷ್ಟು ಜವಾಬ್ದಾರಿಯ ಕೆಲಸ ಎಂದು ಊಹಿಸಬಹುದು. 2022ರ ಜುಲೈನಲ್ಲಿ ಇದೇ ಜಿಲ್ಲೆಯ ದಕ್ಷಿಣದಲ್ಲಿ ಮತ್ತೆ ಕಾಡು ಹತ್ತಿ ಉರಿದಾಗ, ಪಿಲಾ ಎಂಬ ಪ್ರಸಿದ್ಧ ಮರಳುದಿಬ್ಬದ ಬುಡದಲ್ಲಿದ್ದ ಐದು ಶಿಬಿರತಾಣಗಳು ಬೆಂಕಿಗೆ ತುತ್ತಾದವು. ಸಾವಿರಾರು ಪ್ರವಾಸಿಗರನ್ನು ಮೊದಲೇ ತೆರವುಗೊಳಿಸಿದ್ದರಿಂದ ಜೀವಗಳು ಉಳಿದವು.

ಮರಳು ನೆಲದಲ್ಲಿ ನೀರಿನದೂ ಒಂದು ಪಾಠ. ಮಳೆ ಬಂದರೆ ಕ್ಷಣದಲ್ಲಿ ಇಂಗುತ್ತದೆ. ಕೊಳಚೆಯೂ ಅಷ್ಟೇ ಬೇಗ ಇಂಗಿ ಬಾವಿ ಸೇರಬಲ್ಲದು. ಹಾಗಾಗಿ ಇಂಥ ಶಿಬಿರದ ಭವಿಷ್ಯ ನಿರ್ಧಾರವಾಗುವುದು ಉದ್ಘಾಟನೆಯ ಭಾಷಣದಿಂದಲ್ಲ, ಶೌಚಾಲಯಕ್ಕೂ ನೀರಿನ ಮೂಲಕ್ಕೂ ಇರುವ ಅಂತರದಿಂದ.

ಕಡಲಿಗೂ ತನ್ನದೇ ಗುಟ್ಟಿದೆ. ಇಳಿತದ ಹೊತ್ತಿನಲ್ಲಿ ತೀರದ ಬಳಿ ಮರಳ ದಂಡೆಗಳ ನಡುವೆ ಕೊಳದಂತೆ ನೀರು ನಿಲ್ಲುತ್ತದೆ. ಸ್ಥಳೀಯರು ಇದನ್ನು ‘ಬಾಯೀನ್’ ಎನ್ನುತ್ತಾರೆ. ನೋಡಲು ಶಾಂತ. ಆದರೆ ದಂಡೆ ದಾಟಿ ಒಳಬಂದ ನೀರು ಕಿರಿದಾದ ಒಂದು ಕಂಡಿಯಿಂದ ಸಮುದ್ರಕ್ಕೆ ನುಗ್ಗುವಾಗ ಈಜುಗಾರನನ್ನೂ ಸೆಳೆದೊಯ್ಯುತ್ತದೆ. ಸೆಳವಿಗೆ ಎದುರಾಗಿ ಈಜಬಾರದು; ತೇಲುತ್ತ ಕೈ ಎತ್ತಿ ಸಹಾಯ ಕೇಳಬೇಕು, ಸೆಳವು ಸಡಿಲವಾದ ಮೇಲೆ ಪಕ್ಕಕ್ಕೆ ಸರಿದು ದಡ ಸೇರಬೇಕು. ಯಾವ ಕಡಲಿಗೆ ಹೋಗುವ ವಿದ್ಯಾರ್ಥಿಯೂ ಈ ಮಾತನ್ನು ನೆನಪಿಟ್ಟುಕೊಳ್ಳಬೇಕು.

ಬಿಸಿಲಿನ ಎರಡು ಮುಖ

ಮೊಂತಾಲಿವೆಯನ್ನು ಕಟ್ಟಿದವರಿಗೆ ಬಿಸಿಲು ದೇವರ ಸಮಾನ. ಅದರಲ್ಲಿ ಸತ್ಯವಿಲ್ಲದಿಲ್ಲ. ಸೂರ್ಯನ ನೇರಳಾತೀತ ಕಿರಣಗಳಲ್ಲಿ ಒಂದು ಭಾಗ ಚರ್ಮದಲ್ಲಿರುವ ಕೊಲೆಸ್ಟೆರಾಲ್ ಸಂಬಂಧಿ ವಸ್ತುವೊಂದನ್ನು ಡಿ ಜೀವಸತ್ವದ ಪೂರ್ವರೂಪಕ್ಕೆ ಪರಿವರ್ತಿಸುತ್ತದೆ. ಅದಿಲ್ಲದೆ ಮಕ್ಕಳ ಮೂಳೆ ಬಾಗುತ್ತದೆ. ಆದರೆ ಕ್ಷಯರೋಗವನ್ನು ಕೊನೆಗೂ ಮಣಿಸಿದ್ದು ಬಿಸಿಲಲ್ಲ, 1943ರಲ್ಲಿ ಪತ್ತೆಯಾದ ಸ್ಟ್ರೆಪ್ಟೊಮೈಸಿನ್ ಮತ್ತು ಅದರ ನಂತರದ ಔಷಧಗಳು. ಅದೇ ನೇರಳಾತೀತ ಕಿರಣ ಜೀವಕೋಶದ ಡಿಎನ್‌ಎಗೆ ಹಾನಿ ಮಾಡುತ್ತದೆ. 1992ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೂರ್ಯನ ವಿಕಿರಣವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಮೆಲನಿನ್ ಕಡಿಮೆಯಿರುವ ಬಿಳಿಯ ಚರ್ಮದವರಿಗೆ ಅಪಾಯ ಹೆಚ್ಚು. ನಡುಹಗಲಿನಲ್ಲಿ ನೆರಳು ಸೇರುವುದು, ಟೋಪಿ ತೊಡುವುದು ಜಾಣತನ. ರೋಲಿಯೆ ನಿಮಿಷಗಳಲ್ಲಿ ಅಳೆದು ಕೊಟ್ಟ ಬಿಸಿಲನ್ನು ಅವರ ನಂತರದವರು ಗಂಟೆಗಟ್ಟಲೆ ಉಂಡರು ಎಂಬುದೇ ತಪ್ಪಾದದ್ದು.

ವೈರಿಗಳ ನೆರೆಹೊರೆ

1953ರಲ್ಲಿ ಅಂತಾರಾಷ್ಟ್ರೀಯ ನ್ಯಾಚುರಿಸ್ಟ್ ಒಕ್ಕೂಟ ಸ್ಥಾಪನೆಯಾದದ್ದು ಇದೇ ಮೊಂತಾಲಿವೆಯಲ್ಲಿ. ಎಂಟು ವರ್ಷಗಳ ಹಿಂದಷ್ಟೇ ಗುಂಡಿನ ಸದ್ದು ಅಡಗಿದ್ದ ಕರಾವಳಿಯಲ್ಲಿ ಹಲವು ದೇಶಗಳವರು ಒಂದೇ ಸಂಸ್ಥೆಯಡಿ ಸೇರಿದರು. ಸಮವಸ್ತ್ರ ಕಳಚಿದ ಮನುಷ್ಯನನ್ನು ನೋಡಿ ಯಾವ ದೇಶದವನೆಂದು ಹೇಳಲಾಗದು. 1974ರಲ್ಲಿ ಆಗ್ದ್ ಎಂಬಲ್ಲಿ ಸೇರಿದ ಅದೇ ಒಕ್ಕೂಟ, ತನ್ನ ಮೇಲಿನ ಗೌರವ, ಇತರರ ಮೇಲಿನ ಗೌರವ, ಪರಿಸರದ ಮೇಲಿನ ಗೌರವ ಈ ಮೂರನ್ನು ತನ್ನ ಗುರಿಯೆಂದು ಘೋಷಿಸಿತು.

ಭಾರತಕ್ಕೂ ಈ ಚರಿತ್ರೆಯಲ್ಲಿ ಪುಟ್ಟ ಪಾಲಿದೆ. ಮೊಂತಾಲಿವೆಗೂ ಅರ್ಧ ಶತಮಾನಕ್ಕಿಂತ ಹೆಚ್ಚು ಮೊದಲು, 1891ರಲ್ಲಿ, ಮುಂಬಯಿ ಬಳಿಯ ಠಾಣೆಯಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಚಾರ್ಲ್ಸ್ ಕ್ರಾಫರ್ಡ್ ಎಂಬ ಆಂಗ್ಲ ಅಧಿಕಾರಿ ಇಂಥದೊಂದು ಸಂಘ ಕಟ್ಟಿದ್ದರು. ಸದಸ್ಯರು ಬೆರಳೆಣಿಕೆಯಷ್ಟು. ಅದು ಬೇಗನೆ ಮುಚ್ಚಿಹೋಯಿತು. ಠಾಣೆಯ ಸಂಘಕ್ಕೆ ವಿಚಾರವಿತ್ತು; ಜಾಗವಿರಲಿಲ್ಲ, ಬೆನ್ನಿಗೆ ನಿಲ್ಲುವ ಜನರಿರಲಿಲ್ಲ. ಮೊಂತಾಲಿವೆಗೆ ಮೂರೂ ಇದ್ದವು.

ಈಗ ಮೊಂತಾಲಿವೆ ಡೇರೆಗಳ ಊರಾಗಿ ಉಳಿದಿಲ್ಲ. ಈಜುಕೊಳ, ಅಂಗಡಿ ಸಾಲು, ಬಾಡಿಗೆ ಮನೆಗಳು ಬಂದಿವೆ. ಸಂಘದ ಕೈಯಲ್ಲಿದ್ದುದು ಪ್ರವಾಸೋದ್ಯಮದ ಕೈಗೆ ಬಂದಿದೆ. 1975ರಲ್ಲಿ ಸ್ವಲ್ಪ ಉತ್ತರಕ್ಕೆ ಯೂರೋನ್ಯಾಟ್ ಎಂಬ ಇನ್ನೊಂದು ದೊಡ್ಡ ತಾಣವೂ ತೆರೆಯಿತು. ಇತ್ತ ಕಡಲು ಸುಮ್ಮನೆ ಕುಳಿತಿಲ್ಲ. 2013-14ರ ಚಳಿಗಾಲದ ಬಿರುಗಾಳಿಗಳು ಈ ಕರಾವಳಿಯ ಅನೇಕ ಕಡೆ ಮರಳುದಿಬ್ಬಗಳನ್ನು ಕತ್ತರಿಸಿಕೊಂಡು ಹೋದವು.

ಇಂಥ ಜೀವನಕ್ರಮ ಒಪ್ಪುವುದೋ ಬಿಡುವುದೋ ಆಯಾ ಸಮಾಜಕ್ಕೆ, ಆಯಾ ಕುಟುಂಬಕ್ಕೆ ಸೇರಿದ್ದು. ಭಾರತದಲ್ಲಿ ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲವೆನಿಸುವ ವರ್ತನೆಗೆ ಕಾನೂನಿನ ತಡೆಯಿದೆ. ಆದರೆ ತನ್ನ ಬಣ್ಣ, ಎತ್ತರ, ಮೈಕಟ್ಟಿನ ಬಗ್ಗೆ ಕೀಳರಿಮೆಯಿಂದ ಕನ್ನಡಿಯೆದುರು ಕೊರಗುವ ಹದಿಹರೆಯದವರು ಎಲ್ಲ ದೇಶಗಳಲ್ಲೂ ಇದ್ದಾರೆ. ದೇಹ ನಾಚಿಕೆಯ ವಸ್ತುವಲ್ಲ, ಅದನ್ನು ಗೌರವಿಸಬೇಕು, ಬೇರೆಯವರ ದೇಹವನ್ನು ಹೀಯಾಳಿಸಬಾರದು ಎಂದು ಮಕ್ಕಳಿಗೆ ಹೇಳಲು ಮೊಂತಾಲಿವೆಯವರೆಗೆ ಹೋಗಬೇಕಾಗಿಲ್ಲ, ಬಟ್ಟೆ ಕಳಚಬೇಕಾಗಿಯೂ ಇಲ್ಲ. ಅಪ್ಪ ಅಮ್ಮಂದಿರು ಊಟದ ಹೊತ್ತಿನಲ್ಲಿ ನಾಲ್ಕು ಮಾತಾಡಿದರೆ ಸಾಕು.

ಸಂಜೆ ಹತ್ತಕ್ಕೆ ಮೊಂತಾಲಿವೆಯ ದಿಬ್ಬದ ಮೇಲೆ ಬಿಸಿಲು ಆರುತ್ತದೆ. ಗಾಳಿ ತಣ್ಣಗಾಗುತ್ತದೆ. ಆಗ ಬೇಲಿಯ ಒಳಗಿನವರೂ ಹೊರಗಿನವರಂತೆ ಸ್ವೆಟರ್ ಹಾಕಿಕೊಂಡು ಮನೆಯ ಕಡೆ ಹೊರಡುತ್ತಾರೆ.